ನೀರಿನ ಏರು, ಜನರ ಇಳಿತ: ಕಾರವಾರ–ಅಂಕೋಲಾದ ಬಯಲುಪಾಠ

ಉತ್ತರ ಕನ್ನಡ ಜಿಲ್ಲೆಯ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳಲ್ಲಿ ಸಹ್ಯಾದ್ರಿಯ ಕವಲುಗಳು ಕಡಲಿನವರೆಗೂ ಚಾಚಿವೆ. ಬೈತಖೋಲ, ಬಿಣಗಾ, ಅರಗಾ ಭಾಗದಲ್ಲಿ ಗುಡ್ಡದ ತುದಿ ನೇರವಾಗಿ ಅಲೆಗಳಿಗೆ ಇಳಿಯುತ್ತದೆ. ಊರು, ಗದ್ದೆ, ರಾಷ್ಟ್ರೀಯ ಹೆದ್ದಾರಿ 66, ಕೊಂಕಣ ರೈಲ್ವೆಯ ಹಳಿ ಎಲ್ಲವೂ ಗುಡ್ಡ ಮತ್ತು ಕಡಲಿನ ನಡುವಿನ ಕಿರಿದಾದ ಪಟ್ಟಿಯಲ್ಲಿ ಒತ್ತೊತ್ತಾಗಿ ಕೂತಿವೆ. ಹೀಗಾಗಿ ಇಲ್ಲಿನ ಹಳ್ಳಗಳಿಗೆ ಉದ್ದ ಕಡಿಮೆ, ರಭಸ ಹೆಚ್ಚು. ಗುಡ್ಡದ ಬಿರುಕಿನಲ್ಲಿ ಹುಟ್ಟಿದ ನೀರು ಕೆಲವೇ ಕಿಲೋಮೀಟರ್ ಹರಿದು ಉಪ್ಪುನೀರಿಗೆ ಸೇರುತ್ತದೆ. ಭೂಗೋಳ ಓದುವ ವಿದ್ಯಾರ್ಥಿ ಬೆಳಿಗ್ಗೆ ಹಳ್ಳದ ತಲೆಯನ್ನೂ ಸಂಜೆ ಅದರ ಅಳಿವೆಯನ್ನೂ ಒಂದೇ ದಿನದಲ್ಲಿ ನೋಡಬಹುದಾದ ಜಾಗ ಇದು.

ಇದೇ ಪಟ್ಟಿಯಲ್ಲಿ ಇನ್ನೊಂದು ಹರಿವೂ ಇದೆ. ಕಾರವಾರದಿಂದ ಸುಮಾರು 15 ಕಿ.ಮೀ. ಉತ್ತರಕ್ಕೆ ಮಾಜಾಳಿಯ ಆಚೆ ಗೋವಾ ಗಡಿ. ಅಂಕೋಲಾದ ದಕ್ಷಿಣ ಅಂಚಿನಲ್ಲಿ ಗಂಗಾವಳಿ ನದಿ ದಾಟಿದರೆ ಗೋಕರ್ಣ. ಎರಡು ದೊಡ್ಡ ಪ್ರವಾಸಿ ನೆಲೆಗಳ ನಡುವೆ ಇರುವ ಈ ತಾಲ್ಲೂಕುಗಳಿಂದ ಜನ ಕೆಲಸಕ್ಕೆ ಹೊರಡುತ್ತಾರೆ, ದೂರದ ಊರುಗಳಿಂದ ಇಲ್ಲಿಗೂ ಬರುತ್ತಾರೆ. ನೀರು ಮತ್ತು ಜನ, ಈ ಎರಡನ್ನೂ ಅಳೆದವರಿಗೆ ಮಾತ್ರ ಈ ಕರಾವಳಿ ಪೂರ್ತಿಯಾಗಿ ಅರ್ಥವಾಗುತ್ತದೆ.

ಎರಡು ನದಿ, ನೂರಾರು ಹಳ್ಳ

ಕಾರವಾರದ ನದಿ ಕಾಳಿ. ಜೋಯಿಡಾ ತಾಲ್ಲೂಕಿನ ಡಿಗ್ಗಿ ಬಳಿ ಹುಟ್ಟಿ, ಸುಮಾರು 184 ಕಿ.ಮೀ. ಹರಿದು, ಸದಾಶಿವಗಡ ಮತ್ತು ಕೋಡಿಬಾಗದ ನಡುವೆ ಅರಬ್ಬಿ ಸಮುದ್ರ ಸೇರುತ್ತದೆ. ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು ಇದರ ಹರಿವನ್ನು ಹಿಡಿದಿಟ್ಟಿವೆ. ಕದ್ರಾ ಜಲಾಶಯದ ದಡದಲ್ಲೇ ಕೈಗಾ ಅಣು ವಿದ್ಯುತ್ ಸ್ಥಾವರವಿದೆ. ಹಾಗಾಗಿ ಕಾಳಿಯ ಕೆಳಭಾಗದಲ್ಲಿ ನೀರಿನ ಮಟ್ಟವನ್ನು ಮಳೆಯ ಜೊತೆಗೆ ಅಣೆಕಟ್ಟಿನ ಬಾಗಿಲುಗಳೂ ನಿರ್ಧರಿಸುತ್ತವೆ.

ಅಂಕೋಲಾದ ನದಿ ಗಂಗಾವಳಿ. ಧಾರವಾಡದ ಶಾಲ್ಮಲೆ ಮತ್ತು ಹುಬ್ಬಳ್ಳಿ ಕಡೆಯ ಬೇಡ್ತಿ ಕಲಘಟಗಿ ಸಮೀಪ ಕೂಡಿ, ಮಾಗೋಡಿನಲ್ಲಿ ಜಲಪಾತವಾಗಿ ಧುಮುಕಿ, ಘಟ್ಟ ಇಳಿದ ಮೇಲೆ ಗಂಗಾವಳಿ ಎನಿಸಿಕೊಳ್ಳುತ್ತವೆ. ಮಂಜಗುಣಿಯ ಬಳಿ ಈ ನದಿ ಕಡಲು ಸೇರುತ್ತದೆ.

ಈ ಎರಡರ ನಡುವೆ ಹೆಸರಿರುವ, ಹೆಸರಿಲ್ಲದ ಹಳ್ಳಗಳು ಹಬ್ಬಿವೆ. ಚೆಂಡಿಯಾ ಬಳಿಯ ನಾಗರಮಡಿ, ಬೇಲೆಕೇರಿಯತ್ತ ಹರಿಯುವ ಹಟ್ಟಿಕೇರಿ ಹಳ್ಳ, ಅಚವೆ ಭಾಗದ ಮಾಬಗಿಯ ವಿಭೂತಿ ಜಲಪಾತದ ನೀರು ಅವುಗಳಲ್ಲಿ ಕೆಲವು. ವರ್ಷಕ್ಕೆ ಸರಾಸರಿ 3000 ಮಿ.ಮೀ. ಆಸುಪಾಸು ಸುರಿಯುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೀಳುತ್ತದೆ. ಜುಲೈಯಲ್ಲಿ ದಾಟಲಾಗದ ಹಳ್ಳ ಏಪ್ರಿಲ್‌ನಲ್ಲಿ ಬರೀ ಕಲ್ಲುಹಾಸು. ಮೇಲೆ ಜಂಬಿಟ್ಟಿಗೆ, ಅಂದರೆ ಚಿರೇಕಲ್ಲಿನ ಪದರ, ಕೆಳಗೆ ಗಟ್ಟಿ ಬಂಡೆ. ರಂಧ್ರಗಳಿರುವ ಚಿರೇಕಲ್ಲು ಮಳೆನೀರನ್ನು ಹೀರಿ ಗುಡ್ಡದ ಬುಡದಲ್ಲಿ ಒರತೆಯಾಗಿ ಬಿಡುತ್ತದೆ. ಕಾಡು ದಟ್ಟವಾಗಿರುವ ಕಡೆ ಆ ಒರತೆ ಬೇಸಿಗೆಯತನಕ ಬಾಳುತ್ತದೆ.

ಹಳ್ಳವನ್ನು ಅಳೆಯುವ ಕ್ರಮ

ಹಳ್ಳದ ಅಧ್ಯಯನ ನಕ್ಷೆಯಿಂದ ಆರಂಭವಾಗುತ್ತದೆ. ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ಪ್ರಮಾಣದ ನಕ್ಷೆಯಲ್ಲಿ ಸಮೋನ್ನತಿ ರೇಖೆಗಳು 20 ಮೀಟರಿಗೊಂದರಂತೆ ಇರುತ್ತವೆ. ಕಾರವಾರದ ಗುಡ್ಡಗಳ ಮೇಲೆ ಅವು ಒಂದಕ್ಕೊಂದು ಅಂಟಿದಂತೆ ಕಾಣುತ್ತವೆ, ಗದ್ದೆಬಯಲಿಗೆ ಬಂದೊಡನೆ ದೂರ ಸರಿಯುತ್ತವೆ. ಇಳಿಜಾರು ಎಲ್ಲಿ ಮುರಿಯುತ್ತದೆ ಎಂಬುದನ್ನು ನಕ್ಷೆಯೇ ತೋರಿಸುತ್ತದೆ. ಕವಲಿಲ್ಲದ ಮೊದಲ ತೊರೆ ಒಂದನೆಯ ದರ್ಜೆ, ಅಂತಹ ಎರಡು ಕೂಡಿದರೆ ಎರಡನೆಯ ದರ್ಜೆ. ಅಮೆರಿಕದ ಭೂವಿಜ್ಞಾನಿ ಸ್ಟ್ರಾಹ್ಲರ್ 1950ರ ದಶಕದಲ್ಲಿ ರೂಪಿಸಿದ ಈ ಎಣಿಕೆ ಇಂದಿಗೂ ತರಗತಿಗಳಲ್ಲಿ ಬಳಕೆಯಲ್ಲಿದೆ.

ಬಳಿಕ ಹಳ್ಳದ ಮೇಲೆ ಕನಿಷ್ಠ ಮೂರು ತಾಣಗಳನ್ನು ಆರಿಸಬೇಕು: ಗುಡ್ಡದಲ್ಲಿ ಒಂದು, ತೋಟ–ಗದ್ದೆಯ ನಡುವೆ ಒಂದು, ಅಳಿವೆಗೆ ಮುನ್ನ ಒಂದು. ಪ್ರತಿ ತಾಣದಲ್ಲಿ ಟೇಪು ಹಿಡಿದು ಅಗಲ, ಸಮ ಅಂತರದ ಐದಾರು ಕಡೆ ಕೋಲು ಇಳಿಸಿ ಆಳ ಅಳೆಯುತ್ತಾರೆ. ವೇಗಕ್ಕೆ ದುಬಾರಿ ಉಪಕರಣ ಬೇಕಿಲ್ಲ, ತೇಲುವ ಒಣ ಅಡಿಕೆ ಸಾಕು. ಹತ್ತು ಮೀಟರ್ ದೂರ ಗುರುತಿಸಿ, ಅಡಿಕೆ ಆ ದೂರ ಸಾಗುವ ಸಮಯವನ್ನು ಹಲವು ಸಲ ದಾಖಲಿಸಿ ಸರಾಸರಿ ತೆಗೆಯುತ್ತಾರೆ. ಮೇಲ್ಮೈ ನೀರು ಒಳನೀರಿಗಿಂತ ಬೇಗ ಹರಿಯುವುದರಿಂದ ಫಲಿತಾಂಶವನ್ನು 0.85ರಿಂದ ಗುಣಿಸಬೇಕು. ಉದಾಹರಣೆಗೆ, ಅಗಲ 4 ಮೀಟರ್, ಸರಾಸರಿ ಆಳ 0.3 ಮೀಟರ್, ಮೇಲ್ಮೈ ವೇಗ ಸೆಕೆಂಡಿಗೆ 0.5 ಮೀಟರ್ ಇದ್ದರೆ ಹಳ್ಳ ಸೆಕೆಂಡಿಗೆ ಸುಮಾರು 510 ಲೀಟರ್ ನೀರು ಒಯ್ಯುತ್ತಿದೆ ಎಂದರ್ಥ. ಇದರ ಜೊತೆಗೆ ಪ್ರತಿ ತಾಣದಲ್ಲೂ ಹೆಕ್ಕಿದ ಕಲ್ಲುಗಳ ಉದ್ದ, ದುಂಡುತನ ನೋಡಬೇಕು. ಮೇಲೆ ಮೊನಚಾಗಿದ್ದ ಕಲ್ಲು ಕೆಳಗೆ ಬರುವಷ್ಟರಲ್ಲಿ ಸವೆದು ಸಣ್ಣದಾಗಿರುತ್ತದೆ.

ಮೂರನೆಯ ತಾಣದಲ್ಲಿ ಪಾಠ ತಿರುವು ಪಡೆಯುತ್ತದೆ. ಭರತದ ಹೊತ್ತಿಗೆ ಅಳಿವೆಯ ಬಾಯಲ್ಲಿ ಅಡಿಕೆ ಕಡಲಿನತ್ತ ಸಾಗದೆ ನಿಲ್ಲುತ್ತದೆ, ಕೆಲವೊಮ್ಮೆ ಹಿಂದಕ್ಕೆ ತೇಲುತ್ತದೆ. ನೀರಿನ ಉಪ್ಪಿನಂಶವೂ ಗಂಟೆಗಂಟೆಗೆ ಬದಲಾಗುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು, ಚಿಪ್ಪಿಕಲ್ಲು, ಗಜನಿ ಎನ್ನುವ ಉಪ್ಪುನೀರಿನ ಗದ್ದೆ, ಉಪ್ಪುನೀರು ತಡೆಯುವ ಒಡ್ಡು ಎಲ್ಲವೂ ಈ ಹಿಂದು–ಮುಂದಿನ ಹರಿವನ್ನು ನೆಚ್ಚಿಕೊಂಡೇ ಬಂದವು. ಕಾಳಿ ಅಳಿವೆಯ ಕಾಂಡ್ಲಾ ವನವನ್ನು ಕಾರವಾರದಲ್ಲಿ ಕಾಲುಹಾದಿಯ ಮೇಲೆ ನಡೆದೇ ನೋಡಬಹುದು.

ಕಾರವಾರ ನಗರ ಕಾಳಿಯ ದಡದಲ್ಲೇ ಇದ್ದರೂ ಕುಡಿಯುವುದು ಗಂಗಾವಳಿಯ ನೀರು. ಕಾಳಿಯ ಕೆಳಭಾಗಕ್ಕೆ ಉಪ್ಪುನೀರು ನುಗ್ಗುವುದರಿಂದ ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯಿಂದ ಸಿಹಿನೀರನ್ನು ಕೊಳವೆಯಲ್ಲಿ ತರಲಾಗುತ್ತದೆ. ಸಾವಿರಾರು ಸಸಿಗಳನ್ನು ಬೆಳೆಸಿ ಪದ್ಮಶ್ರೀ ಪಡೆದ ತುಳಸಿ ಗೌಡ ಅವರ ಊರೂ ಅದೇ ಹೊನ್ನಳ್ಳಿ. ನದಿಯ ಮೇಲ್ಭಾಗದ ಕಾಡು, ಕೆಳಭಾಗದ ನಗರದ ನಲ್ಲಿ, ಇವೆರಡರ ನಂಟು ಇಷ್ಟು ನೇರವಾಗಿದೆ.

ಹೊರಟವರು, ಬಂದವರು

ವಲಸೆಯ ಶಾಸ್ತ್ರಕ್ಕೂ ನೀರಿನ ಮಾತೇ ಆಧಾರ. 1885ರಲ್ಲಿ ರಾವೆನ್‌ಸ್ಟೈನ್ ವಲಸೆಯ ನಿಯಮಗಳನ್ನು ಬರೆದಾಗ, ಹೆಚ್ಚಿನವರು ಸಮೀಪದ ಊರಿಗೇ ಹೋಗುತ್ತಾರೆ, ಪ್ರತಿಯೊಂದು ಹರಿವಿಗೂ ಒಂದು ಎದುರು ಹರಿವು ಇರುತ್ತದೆ ಎಂದು ಹೇಳಿದರು. 1966ರಲ್ಲಿ ಎವರೆಟ್ ಲೀ ಇದಕ್ಕೆ ಹುಟ್ಟೂರಿನ ನೂಕು, ಹೋಗುವ ಊರಿನ ಸೆಳೆತ, ನಡುವಿನ ಅಡ್ಡಿ ಎಂಬ ಚೌಕಟ್ಟು ಕೊಟ್ಟರು. ಕಾರವಾರ–ಅಂಕೋಲಾ ಈ ಎಲ್ಲ ಮಾತುಗಳಿಗೂ ಉದಾಹರಣೆ ಒದಗಿಸುತ್ತದೆ.

ಉತ್ತರ ಕನ್ನಡ 1862ರಿಂದ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು. ಆಗ ಉದ್ಯೋಗದ ದಾರಿ ಕರಾವಳಿಯ ಹಡಗುಗಳಲ್ಲಿ ಮುಂಬೈ ಕಡೆಗೆ ಸಾಗುತ್ತಿತ್ತು. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ತೆರೆದ ಮೇಲೆ ಗೋವಾ ಇನ್ನಷ್ಟು ಹತ್ತಿರವಾಯಿತು. ಕಾಣಕೋಣ, ಮಡಗಾಂವ್ ಕಡೆಯ ಹೋಟೆಲು, ಕಾರ್ಖಾನೆ, ಅಂಗಡಿಗಳಿಗೆ ಇಲ್ಲಿನ ಯುವಜನ ಬೆಳಿಗ್ಗೆ ಹೋಗಿ ರಾತ್ರಿ ಮರಳುತ್ತಾರೆ, ಇಲ್ಲವೆ ವಾರಕ್ಕೊಮ್ಮೆ ಬರುತ್ತಾರೆ. ಗಡಿಯ ಎರಡೂ ಬದಿಯಲ್ಲಿ ಕೊಂಕಣಿ ನಡೆಯುವುದರಿಂದ ಭಾಷೆಯ ಅಡ್ಡಿಯೂ ಕಡಿಮೆ. ದಕ್ಷಿಣದಲ್ಲಿ ಗೋಕರ್ಣದ ಓಂ, ಕುಡ್ಲೆ ಕಡಲತೀರಗಳ ಬೆಳವಣಿಗೆ ಅಂಕೋಲಾ ಕಡೆಯವರಿಗೂ ದುಡಿಮೆ ತಂದಿದೆ.

ಎದುರು ಹರಿವೂ ಅಷ್ಟೇ ಬಲವಾಗಿದೆ. ಕದ್ರಾ ಅಣೆಕಟ್ಟು, ಕೈಗಾ ಸ್ಥಾವರ, ಸೀಬರ್ಡ್ ನೌಕಾನೆಲೆಯ ಕಾಮಗಾರಿಗಳಿಗೆ ಉತ್ತರ ಕರ್ನಾಟಕದಿಂದಲೂ ಹೊರರಾಜ್ಯಗಳಿಂದಲೂ ಕಾರ್ಮಿಕರು ಬಂದರು. ಮೀನುಗಾರಿಕೆ ದೋಣಿಗಳಲ್ಲಿ ಒಡಿಶಾ, ಜಾರ್ಖಂಡ್ ಕಡೆಯವರು ದುಡಿಯುತ್ತಾರೆ. ಕಟ್ಟಡ ಕೆಲಸ, ಹೋಟೆಲಿನ ಅಡುಗೆಮನೆ, ತೀರದ ಚಿಕ್ಕ ವ್ಯಾಪಾರಗಳಲ್ಲಿ ಹೊರಗಿನಿಂದ ಬಂದ ಕೈಗಳು ಕಾಣುತ್ತವೆ.

ಒತ್ತಾಯದ ವಲಸೆಯೂ ಈ ನೆಲದ ಚರಿತ್ರೆಯ ಭಾಗ. 1986ರಲ್ಲಿ ಶಂಕುಸ್ಥಾಪನೆಯಾಗಿ 2005ರಲ್ಲಿ ಐಎನ್‌ಎಸ್ ಕದಂಬ ಹೆಸರಿನಲ್ಲಿ ಕಾರ್ಯಾರಂಭ ಮಾಡಿದ ಇದೇ ಸೀಬರ್ಡ್ ನೌಕಾನೆಲೆಗಾಗಿ ಎರಡೂ ತಾಲ್ಲೂಕುಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ನೆಲೆ ಬಿಟ್ಟವು. ಮೀನುಗಾರರು ತೀರವನ್ನು, ರೈತರು ಗದ್ದೆಯನ್ನು ಬಿಟ್ಟು ತೋಡೂರು, ಮುದಗಾ, ಚಿತ್ತಾಕುಲದಂತಹ ಪುನರ್ವಸತಿ ಕಾಲೊನಿಗಳಿಗೆ ಬಂದರು. ವಲಸೆ ಎಂದರೆ ದೂರ ಹೋಗುವುದು ಮಾತ್ರವಲ್ಲ. ಕೆಲವೇ ಕಿಲೋಮೀಟರ್ ಸರಿದರೂ ಬದುಕಿನ ಕಸುಬು ಬದಲಾಗಬಹುದು ಎಂಬುದಕ್ಕೆ ಈ ಕಾಲೊನಿಗಳು ಸಾಕ್ಷಿ.

ಒಂದೇ ಹಾಳೆಯ ಮೇಲೆ ಎರಡು ರೇಖೆ

ವಲಸೆಯ ಕ್ಷೇತ್ರಕಾರ್ಯಕ್ಕೆ ಪ್ರಶ್ನಾವಳಿಯೇ ಅಳತೆಗೋಲು. ಹುಟ್ಟಿದ ಊರು, ಈ ಹಿಂದಿನ ವಾಸ, ಬಂದ ವರ್ಷ, ಬಂದ ಕಾರಣ, ಮೊದಲು ಕರೆತಂದವರು ಯಾರು, ಮಳೆಗಾಲದಲ್ಲಿ ಎಲ್ಲಿರುತ್ತಾರೆ, ಗಳಿಕೆ ಯಾವ ಊರಿಗೆ ಹೋಗುತ್ತದೆ: ಇಷ್ಟು ಕೇಳಿದರೆ ಸಾಕು. ಜನಗಣತಿಯೂ ವಲಸಿಗರನ್ನು ಗುರುತಿಸುವುದು ಹುಟ್ಟಿದ ಸ್ಥಳ ಮತ್ತು ಕಡೆಯ ವಾಸಸ್ಥಳದ ಆಧಾರದಲ್ಲಿಯೇ. ಆದರೆ ಹತ್ತು ವರ್ಷಕ್ಕೊಮ್ಮೆ ನಡೆಸಬೇಕಾದ ಎಣಿಕೆಗೆ ಆರು ತಿಂಗಳು ಬಂದು ಹೋಗುವವರು ಸುಲಭವಾಗಿ ಸಿಗುವುದಿಲ್ಲ. ವಿದ್ಯಾರ್ಥಿಗಳ ಸಣ್ಣ ಸಮೀಕ್ಷೆ ಆ ಕೊರತೆಯನ್ನು ತುಂಬಬಲ್ಲದು. ಒಪ್ಪಿಗೆ ಪಡೆದು ಕೇಳುವುದು, ಹೆಸರು ಬರೆದುಕೊಳ್ಳದಿರುವುದು, ದುಡಿಯುವ ಹೊತ್ತಿಗೆ ಅಡ್ಡಿ ಮಾಡದಿರುವುದು ಇಂತಹ ಸಮೀಕ್ಷೆಯ ಮೊದಲ ಶಿಸ್ತು.

ಹನ್ನೆರಡು ತಿಂಗಳ ಹಳ್ಳದ ಹರಿವನ್ನೂ ಪ್ರವಾಸಿ ಊರುಗಳ ದುಡಿಮೆಯನ್ನೂ ಒಂದೇ ಹಾಳೆಯ ಮೇಲೆ ಬರೆದರೆ ಎರಡು ರೇಖೆಗಳು ಒಂದಕ್ಕೊಂದು ಎದುರಾಗಿ ಸಾಗುತ್ತವೆ. ಜೂನ್‌ನಲ್ಲಿ ಹಳ್ಳ ಏರುತ್ತದೆ. ಆಗ ಗೋವಾದ ತೀರದ ಗುಡಿಸಲು ಅಂಗಡಿಗಳನ್ನು ಕಳಚಿಟ್ಟಿರುತ್ತಾರೆ, ಗೋಕರ್ಣದ ಕಡಲತೀರ ಖಾಲಿಯಾಗಿರುತ್ತದೆ, ಜೂನ್–ಜುಲೈಯ ಯಾಂತ್ರಿಕ ಮೀನುಗಾರಿಕೆ ನಿಷೇಧದಿಂದ ದೋಣಿ ಕಾರ್ಮಿಕರು ತಮ್ಮ ಊರಿಗೆ ಮರಳಿರುತ್ತಾರೆ. ಊರ ಮಕ್ಕಳು ಗದ್ದೆಗೆ, ಚೌತಿ ಹಬ್ಬಕ್ಕೆ ಮನೆಗೆ ಬರುತ್ತಾರೆ. ಅಕ್ಟೋಬರ್‌ನಿಂದ ಹಳ್ಳ ಇಳಿಯುತ್ತದೆ, ಪ್ರವಾಸಿ ಊರು ತುಂಬುತ್ತದೆ. ಮಾರ್ಚ್ ದಾಟಿದ ಮೇಲೆ ಬಾವಿಯ ನೀರು ತಳ ಸೇರುವ ಹೊತ್ತಿಗೆ ರಜೆಯ ಪ್ರವಾಸಿಗರು ಬರುತ್ತಾರೆ. ನೀರು ಅತ್ಯಂತ ಕಡಿಮೆ ಇರುವಾಗ ನೀರಿನ ಬೇಡಿಕೆ ಅತ್ಯಂತ ಹೆಚ್ಚು. ಈ ಕರಾವಳಿಯ ಮುಂದಿನ ದಿನಗಳ ದೊಡ್ಡ ಪ್ರಶ್ನೆ ಈ ಎರಡು ರೇಖೆಗಳ ನಡುವಿನ ಅಂತರದಲ್ಲಿದೆ.

ಗುಡ್ಡ ಜರಿದ ಊರು

ಹರಿವನ್ನು ಅರಿಯದಿದ್ದರೆ ಏನಾಗುತ್ತದೆ ಎಂಬುದನ್ನೂ ಈ ನೆಲ ಕಂಡಿದೆ. 2009ರ ಅಕ್ಟೋಬರ್ ಆರಂಭದ ಭಾರಿ ಮಳೆಯಲ್ಲಿ ಕಾರವಾರದ ಕಡವಾಡ ಗ್ರಾಮದ ಝರಿವಾಡದಲ್ಲಿ ಗುಡ್ಡ ಕುಸಿದು 19 ಜನ ಸತ್ತರು. ಊರ ಹೆಸರಿನಲ್ಲೇ ಝರಿ ಇದೆ. 2019ರ ಆಗಸ್ಟ್‌ನಲ್ಲಿ ಕಾಳಿ, ಗಂಗಾವಳಿ ಎರಡೂ ಉಕ್ಕಿ ದಡದ ಊರುಗಳನ್ನು ಮುಳುಗಿಸಿದವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಗೆ ತಾಗಿದ ಗುಡ್ಡ ಜರಿದು ಗಂಗಾವಳಿಗೆ ಬಿತ್ತು. ದಾರಿಬದಿಯ ಚಹಾ ಅಂಗಡಿಯವರೂ ದೂರದ ರಾಜ್ಯಗಳಿಂದ ಬಂದ ಲಾರಿ ಚಾಲಕರೂ ಪ್ರಾಣ ಕಳೆದುಕೊಂಡರು. ನದಿಯಲ್ಲಿ ಎದ್ದ ಅಲೆ ಎದುರು ದಡದ ಉಳುವರೆಯನ್ನೂ ಹೊಡೆಯಿತು. ಮೂರು ವಾರಗಳ ಬಳಿಕ, ಆಗಸ್ಟ್ 7ರ ನಸುಕಿನಲ್ಲಿ, ಕಾರವಾರದ ಹಳೆಯ ಕಾಳಿ ಸೇತುವೆ ಕುಸಿಯಿತು.

ಹಾಗಾಗಿ ಹಳ್ಳದ ಅಧ್ಯಯನಕ್ಕೆ ಮಳೆಗಾಲದ ನಡುಭಾಗ ಸಲ್ಲದು. ಗುಡ್ಡದ ಮೇಲೆ ಸುರಿದ ಮಳೆ ಕೆಳಗೆ ಬಿಸಿಲಿರುವಾಗಲೂ ಹಠಾತ್ತನೆ ನೀರೇರಿಸಬಲ್ಲದು. ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಹಳ್ಳದಲ್ಲಿ ಅಳೆಯುವಷ್ಟು ನೀರಿರುತ್ತದೆ, ಅಪಾಯ ಕಡಿಮೆ, ಪ್ರವಾಸದ ದುಡಿಮೆಯೂ ಶುರುವಾಗಿರುತ್ತದೆ. ಎರಡೂ ಅಧ್ಯಯನಗಳನ್ನು ಒಂದೇ ಪ್ರವಾಸದಲ್ಲಿ ಮುಗಿಸಲು ಇದೇ ತಕ್ಕ ಕಾಲ.

ಕಾಳಿ, ಗಂಗಾವಳಿಯಂತಹ ನದಿಗಳ ನೀರನ್ನು ಇಲಾಖೆಗಳು ಅಳೆಯುತ್ತವೆ. ಊರ ಹಿಂದಿನ ಹಳ್ಳವನ್ನು, ಊರ ಮುಂದಿನ ಬಸ್‌ನಿಲ್ದಾಣದಲ್ಲಿ ಇಳಿಯುವವರನ್ನು ಅಳೆಯುವವರು ವಿರಳ. ಕಾರವಾರ, ಅಂಕೋಲಾದ ಕಾಲೇಜುಗಳು ತಲಾ ಒಂದು ಹಳ್ಳವನ್ನು ದತ್ತು ಪಡೆದು, ಪ್ರತಿವರ್ಷ ಅದೇ ತಾಣದಲ್ಲಿ, ಅದೇ ವಾರದಲ್ಲಿ, ಅದೇ ಕ್ರಮದಲ್ಲಿ ಅಳೆದು, ಆ ಲೆಕ್ಕವನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಹಚ್ಚಬೇಕು. ಪರೀಕ್ಷೆಯ ಅಂಕಕ್ಕಾಗಿ ಬರೆದ ವರದಿ ಕಪಾಟಿನಲ್ಲಿ ಉಳಿಯುತ್ತದೆ. ಹತ್ತು ವರ್ಷ ಬಿಡದೆ ಬರೆದಿಟ್ಟ ಅಳತೆ ಒಂದು ಊರನ್ನು ಉಳಿಸಬಲ್ಲದು.