ದುರ್ವಾಸನೆಯನ್ನು ನುಂಗುವ ಕರಟ

ಹಿತ್ತಲಿಲ್ಲದ ಮನೆಯಲ್ಲಿ ತೋಟ ಮಾಡಹೊರಟವರಿಗೆ ಮೊದಲು ಅಡ್ಡಬರುವುದು ಬಿಸಿಲಿನ ಅಭಾವವಲ್ಲ, ನೀರಿನ ಅಭಾವವೂ ಅಲ್ಲ, ವಾಸನೆ. ಬೆಂಗಳೂರಿನ ಯಾವುದೋ ಫ್ಲಾಟಿನಲ್ಲಿ, ಅಡಿಗೆಮನೆಯ ಹಿಂದಿನ ಇಕ್ಕಟ್ಟಾದ ಯುಟಿಲಿಟಿಯಲ್ಲಿ, ದೊಡ್ಡಪತ್ರೆ, ಪುದೀನ, ಮೆಂತ್ಯಗಳ ಕುಂಡಗಳನ್ನು ಜೋಡಿಸಿ, ಎಲ್.ಇ.ಡಿ. ದೀಪದ ಬೆಳಕು ಕೊಟ್ಟು, ತರಕಾರಿ ಸಿಪ್ಪೆಯ ಗೊಬ್ಬರದ ಡಬ್ಬವನ್ನು ಮೂಲೆಯಲ್ಲಿಟ್ಟರೆ ತೋಟವೇನೋ ಸಿದ್ಧವಾಯಿತು. ಆದರೆ ಅದೇ ಗಿಡಗಳಿಗೆಂದು ಕಡಲೆಕಾಯಿ ಹಿಂಡಿಯನ್ನು ನೆನೆಹಾಕಿ, ನಾಲ್ಕು ದಿನದ ಮೇಲೆ ಮುಚ್ಚಳ ತೆರೆದಾಗ ಏನಾಗುವುದೆಂಬುದನ್ನು ಅನುಭವಿಸಿದವರೇ ಬಲ್ಲರು. ನೆರೆಮನೆಯವರ ಕಿಟಕಿ ಮುಚ್ಚಿಕೊಳ್ಳುತ್ತದೆ. ಕುಂಡಗಳನ್ನೇ ಗಡೀಪಾರು ಮಾಡುವ ಮಾತು ಮನೆಯೊಳಗೇ ಏಳುತ್ತದೆ.

ಊದಿನಕಡ್ಡಿ ಹಚ್ಚಿದರೆ ಒಂದು ವಾಸನೆಯ ಮೇಲೆ ಇನ್ನೊಂದನ್ನು ಹೊದಿಸಿದಂತಾಯಿತೇ ಹೊರತು ಮೊದಲನೆಯದು ಹೋಗಲಿಲ್ಲ. ವಾಸನೆಯನ್ನು ನಿಜವಾಗಿ ಹಿಡಿದಿಡಬಲ್ಲ ವಸ್ತುವೊಂದುಂಟು. ನಾವು ಕಾಯಿ ತುರಿದು ಎಸೆಯುವ ಕರಟವೇ ಅದರ ಉತ್ತಮವಾದ ಮೂಲ.

ಕರಟವನ್ನು ಸುಟ್ಟು ಇದ್ದಲು ಮಾಡಿ, ಆ ಇದ್ದಲನ್ನು 800 ಡಿಗ್ರಿ ಸೆಂಟಿಗ್ರೇಡಿಗೂ ಮೀರಿದ ಕಾವಿನಲ್ಲಿ ನೀರಾವಿಗೆ ಒಡ್ಡಿದಾಗ ಅದರ ಮೈಯೆಲ್ಲ ಕಣ್ಣಿಗೆ ಕಾಣದ ರಂಧ್ರಗಳಾಗುತ್ತವೆ. ಇದೇ ಆಕ್ಟಿವೇಟೆಡ್ ಕಾರ್ಬನ್, ಅಂದರೆ ಸಕ್ರಿಯ ಇಂಗಾಲ. ಇದರ ಒಂದೇ ಒಂದು ಗ್ರಾಮಿನೊಳಗೆ ಸುಮಾರು 1000 ಚದರ ಮೀಟರ್ ಮೈ ಅಡಗಿರುತ್ತದೆ. ಮೂವತ್ತು ನಲವತ್ತರ ಒಂದು ನಿವೇಶನಕ್ಕಾಗಿ ಜೀವಮಾನವೆಲ್ಲ ದುಡಿಯುವ ನಮಗೆ ಚಿಟಿಕೆ ಇದ್ದಲಿನಲ್ಲಿ ಅಂಥ ಒಂಬತ್ತು ನಿವೇಶನಗಳ ವಿಸ್ತಾರವಿದೆಯೆಂದರೆ ಸೋಜಿಗವೇ ಸರಿ! ಸ್ಪಂಜು ನೀರು ಕುಡಿಯುವಂತೆ ಇದು ವಾಸನೆಯನ್ನು ಕುಡಿಯುವುದಿಲ್ಲ. ಗಾಳಿಯಲ್ಲಿ ತೇಲುವ ವಾಸನೆಯ ಕಣಗಳು ಈ ರಂಧ್ರಗಳ ಗೋಡೆಗೆ ತಾಗಿ ಅಲ್ಲಿಯೇ ಅಂಟಿಕೊಳ್ಳುತ್ತವೆ.

ಈ ಗುಣವನ್ನು ಬಳಸಿ ಸ್ಕಾಟ್ಲೆಂಡ್ ಸಂಜಾತ ರಸಾಯನಶಾಸ್ತ್ರಜ್ಞ ಜಾನ್ ಸ್ಟೆನ್‌ಹೌಸ್ 1854ರಲ್ಲಿಯೇ ಇದ್ದಲಿನ ಮುಖವಾಡವೊಂದನ್ನು ರಚಿಸಿದ್ದನು. 1915ರ ಏಪ್ರಿಲ್ 22ರಂದು ಬೆಲ್ಜಿಯಮಿನ ಈಪ್ರ್ ಬಳಿ ಜರ್ಮನ್ ಸೈನ್ಯ ಕ್ಲೋರಿನ್ ವಿಷಾನಿಲವನ್ನು ಹರಿಯಬಿಟ್ಟ ಮೇಲೆ ಇದ್ದಲು ಪ್ರಾಣರಕ್ಷಕವಾಯಿತು. ಅದೇ ವರ್ಷ ರಷ್ಯದ ನಿಕೊಲಾಯ್ ಜೆಲಿನ್‌ಸ್ಕಿ ಇದ್ದಲು ತುಂಬಿದ ಮುಖವಾಡವನ್ನು ಸಿದ್ಧಪಡಿಸಿದನು. ಕರಟದ ಇದ್ದಲು ಶ್ರೇಷ್ಠವೆಂದು ಕಂಡುಕೊಂಡ ಅಮೆರಿಕನರಿಗೆ ಕರಟ ಸಾಲದಾಯಿತು. 1918ರಲ್ಲಿ ಅಲ್ಲಿನ ಜನ ಪೀಚ್ ಹಣ್ಣಿನ ಓಟೆಗಳನ್ನೂ ಕಾಯಿಗಳ ಚಿಪ್ಪುಗಳನ್ನೂ ಸೈನಿಕರ ಮುಖವಾಡಗಳಿಗಾಗಿ ಕೂಡಿಹಾಕಿದರು.

ಇನ್ನು ಮನೆಯಲ್ಲಿ ಶೋಧಕವನ್ನು ಕಟ್ಟುವ ಬಗೆ. ಬಟ್ಟಲಿನಲ್ಲಿ ನಾಲ್ಕು ಇದ್ದಲ ಚೂರು ಹಾಕಿ ಮೂಲೆಯಲ್ಲಿಟ್ಟರೆ ಹೆಚ್ಚಿನ ಪ್ರಯೋಜನವಿಲ್ಲ. ಗಾಳಿ ಇದ್ದಲಿನ ನಡುವೆ ಹಾದುಹೋಗಲೇಬೇಕು. ಸಿಗಡಿಯ ಇದ್ದಲೂ ಸಾಲದು. ನೀರಿನ ಶೋಧಕಗಳಿಗೆ ಬಳಸುವ, ಹೆಸರುಕಾಳಿನ ಗಾತ್ರದ ಕರಟದ ಇಂಗಾಲದ ಹರಳುಗಳು ಅಂಗಡಿಯಲ್ಲಿ ದೊರೆಯುತ್ತವೆ. ಸ್ಟೀಲಿನ ಸೊಳ್ಳೆ ಜಾಲರಿಯಿಂದ 30 ಸೆಂಟಿಮೀಟರ್ ಎತ್ತರದ ಎರಡು ಕೊಳವೆಗಳನ್ನು ಸುತ್ತಿಕೊಳ್ಳಿ: ಹೊರಗಿನದು 20 ಸೆಂಟಿಮೀಟರ್ ಅಗಲ, ಒಳಗಿನದು 12. ಒಂದರೊಳಗೆ ಒಂದನ್ನು ನಿಲ್ಲಿಸಿದರೆ ಸುತ್ತಲೂ 4 ಸೆಂಟಿಮೀಟರ್ ಸಂದು ಉಳಿಯುತ್ತದೆ. ತಳವನ್ನು ಹಲಗೆಯ ಬಿಲ್ಲೆಯಿಂದ ಪೂರ್ತಿಯಾಗಿ ಮುಚ್ಚಿ, ಸಂದಿನಲ್ಲಿ ಹರಳುಗಳನ್ನು ತುಂಬಬೇಕು. ಸುಮಾರು 6 ಲೀಟರ್, ತೂಕದಲ್ಲಿ ಹೆಚ್ಚುಕಡಮೆ 3 ಕಿಲೋ ಹಿಡಿಯುತ್ತದೆ. ತುಂಬುವ ಮುನ್ನ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮಹಡಿಯ ಮೇಲೆ ಜರಡಿ ಹಿಡಿದು ಪುಡಿಯನ್ನು ತೆಗೆದುಬಿಡಿ. ಮನೆಯೊಳಗೆ ಜರಡಿ ಹಿಡಿದರೆ ಗೋಡೆಗೆ ಸುಣ್ಣ ಬಳಿಸುವ ಖರ್ಚು ಬೇರೆ ಬಂದೀತು. ತುಂಬುತ್ತ ತುಂಬುತ್ತ ಕೊಳವೆಯನ್ನು ತಟ್ಟುತ್ತಿರಬೇಕು. ಎಲ್ಲಿಯಾದರೂ ಟೊಳ್ಳು ಉಳಿದರೆ ಗಾಳಿ ಆ ಕಳ್ಳದಾರಿಯಲ್ಲಿಯೇ ನುಸುಳುತ್ತದೆ.

ಮೇಲುಗಡೆ ಸಂದನ್ನು ಹಲಗೆಯ ಬಳೆಯಿಂದ ಮುಚ್ಚಿ, ನಡುವಣ ಬಾಯಿಗೆ ಗಾಳಿಯನ್ನು ಒಳಗಿನಿಂದ ಸೆಳೆದು ಹೊರಬಿಡುವಂತೆ ಫ್ಯಾನನ್ನು ಕೂರಿಸಿ, ಹೊರಮೈಗೆ ಧೂಳು ತಡೆಯಲು ಮಲ್ ಬಟ್ಟೆ ಸುತ್ತಿದರೆ ಕೆಲಸ ಮುಗಿಯಿತು. ಗೋಡೆಗೆ ಹಾಕುವ ಸಾಮಾನ್ಯ ರೆಕ್ಕೆಯ ಫ್ಯಾನಿಗೆ ಹರಳುಗಳ ತಡೆಯನ್ನು ಮೀರುವ ಶಕ್ತಿ ಸಾಲದು. ಬ್ಲೋಯರ್ ಮಾದರಿಯದೇ ಬೇಕು. ಗಂಟೆಗೆ 100 ಘನ ಮೀಟರ್ ಗಾಳಿ ಎಳೆದರೆ ಹತ್ತಡಿ ಉದ್ದ, ಅಗಲ, ಎತ್ತರದ ಕೋಣೆಯ ಗಾಳಿಯಷ್ಟು ಗಂಟೆಗೆ ಮೂರು ಬಾರಿಗಿಂತ ಹೆಚ್ಚಾಗಿ ಶೋಧಕದ ಮೂಲಕ ಹಾಯುತ್ತದೆ. ವೇಗ ಹೆಚ್ಚಿಸುವ ಆತುರ ಬೇಡ. ವಾಸನೆ ಇದ್ದಲಿಗೆ ಅಂಟಿಕೊಳ್ಳಲು ಕ್ಷಣದ ಅವಕಾಶವಾದರೂ ಬೇಕಲ್ಲವೆ?

ಗಿಡಗಳೇ ಗಾಳಿಯನ್ನು ಶುದ್ಧಗೊಳಿಸುತ್ತವೆಯಲ್ಲ, ಇದೆಲ್ಲ ಏಕೆಂದು ಕೆಲವರು ಕೇಳಬಹುದು. ಆ ಪ್ರತೀತಿಗೆ ಬಹುಮಟ್ಟಿಗೆ ಕಾರಣವಾದ 1989ರ ನಾಸಾ ಪ್ರಯೋಗಗಳಲ್ಲಿ ಬಿ. ಸಿ. ವುಲ್ವರ್ಟನ್ ಅವರು ಗಿಡದ ಬೇರಿನ ಬಳಿ ಇದೇ ಸಕ್ರಿಯ ಇಂಗಾಲವನ್ನು ತುಂಬಿ ಫ್ಯಾನಿನಿಂದ ಗಾಳಿ ಹಾಯಿಸಿದ್ದೂ ಉಂಟು! ಕಿಟಕಿ ಬಾಗಿಲುಗಳ ಮೂಲಕ ಸಹಜವಾಗಿ ಆಗುವಷ್ಟು ಶುದ್ಧಿಯನ್ನು ಬರಿಯ ಕುಂಡಗಳಿಂದ ಪಡೆಯಲು ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡಗಳು ಬೇಕಾದಾವೆಂದು 2019ರ ವಿಮರ್ಶೆಯೊಂದು ಲೆಕ್ಕ ಹಾಕಿದೆ. ಮತ್ತೆ ಮನೆಯವರು ಮಲಗುವುದೆಲ್ಲಿ?

ಇದ್ದಲಿಗೂ ಮಿತಿಗಳುಂಟು. ಮಳೆಗಾಲದ ತೇವ ಅದರ ರಂಧ್ರಗಳಲ್ಲಿ ಸೇರಿಕೊಂಡು ವಾಸನೆಗೆ ಎಡೆಯಿಲ್ಲದಂತೆ ಮಾಡುತ್ತದೆ. ಬಿಸಿಲಿಗೆ ಹರವಿದರೆ ತೇವವೇನೋ ಆರುತ್ತದೆ, ಹಿಡಿದ ವಾಸನೆಯೆಲ್ಲ ಬಿಡುವುದಿಲ್ಲ. ಫ್ಯಾನಿನ ಬಾಯಲ್ಲಿ ವಾಸನೆ ಮತ್ತೆ ಕಂಡಾಗ ಹರಳುಗಳನ್ನು ಬದಲಿಸಲೇಬೇಕು. ಕೊಳೆತ ಗೊಬ್ಬರದಿಂದ ಏಳುವ ಅಮೋನಿಯದ ಘಾಟನ್ನು ಸಾಧಾರಣ ಸಕ್ರಿಯ ಇಂಗಾಲ ಚೆನ್ನಾಗಿ ಹಿಡಿಯಲಾರದು. ಅದಕ್ಕೆ ಡಬ್ಬದಲ್ಲಿ ಒಣಗಿದ ಎಲೆಯನ್ನೋ ತೆಂಗಿನ ನಾರಿನ ಪುಡಿಯನ್ನೋ ಬೆರೆಸಿ ಕಲಕುವುದೇ ಮದ್ದು.

ಎಲ್ಲಕ್ಕಿಂತ ಮುಖ್ಯವಾದುದನ್ನು ಗೃಹಿಣಿಯರೂ ಗೃಹಸ್ಥರೂ ಮರೆಯಬಾರದು. ಅನೇಕ ಮನೆಗಳಲ್ಲಿ ಅಡಿಗೆ ಅನಿಲದ ಸಿಲಿಂಡರ್ ಇರುವುದು ಅದೇ ಯುಟಿಲಿಟಿಯಲ್ಲಿ. ಆ ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ಸೋರಿದಾಗ ತಿಳಿಯಲೆಂದೇ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ವಸ್ತುವನ್ನು ಬೆರೆಸಿರುತ್ತಾರೆ. ಹಿಂಡಿಯ ನಾತವನ್ನು ನುಂಗುವ ಶೋಧಕ ಈ ಎಚ್ಚರಿಕೆಯನ್ನೂ ನುಂಗೀತು, ಫ್ಯಾನಿನ ಸ್ವಿಚ್ಚಿನ ಕಿಡಿ ಮಿಕ್ಕ ಕೆಲಸ ಮಾಡೀತು. ಆದುದರಿಂದ ಸಿಲಿಂಡರ್ ಇರುವ ಕಡೆ ಶೋಧಕವನ್ನು ಇಡಲೇಬಾರದು. ಕುಂಡಗಳನ್ನೂ ಹಿಂಡಿಯ ಡಬ್ಬವನ್ನೂ ಬಾಲ್ಕನಿಗೋ ಬೇರೆ ಕೋಣೆಗೋ ಸಾಗಿಸಿ, ಶೋಧಕವನ್ನು ಅಲ್ಲಿ ಹೂಡಬೇಕು.