ಊರು ಬಿಡುವ ಮುನ್ನ ಮೋಟಾರ್ ಸೈಕಲ್ಲಿನ ಜೋಪಾನ



ತೋಟದ ಮನೆಗಳಲ್ಲಿರುವ ನಮ್ಮ ಎಷ್ಟೋ ಉತ್ಪಾದಕರಿಗೆ ಮೋಟಾರ್ ಸೈಕಲ್ ಶೋಕಿಯ ವಸ್ತುವಲ್ಲ. ಹಸು, ಹುಲ್ಲು, ನೀರಿನಷ್ಟೇ ಅದೂ ಹೈನುಗಾರಿಕೆಯ ಒಂದು ಅಂಗ. ಬೆಳಿಗ್ಗೆ ಕರೆದ ಹಾಲು ವೇಳೆಗೆ ಸರಿಯಾಗಿ ಸಂಘಕ್ಕೆ ಮುಟ್ಟಬೇಕಾದರೆ ಗಾಡಿ ಒಂದೇ ಕಿಕ್ಕಿಗೆ ಶುರುವಾಗಬೇಕು.

ಈಚೆಗೆ ನಮ್ಮ ಸದಸ್ಯರೊಬ್ಬರು ಮನೆಯವರ ಚಿಕಿತ್ಸೆಗೆಂದು ಜೂನ್ ತಿಂಗಳಲ್ಲಿ ಬೆಂಗಳೂರಿಗೆ ಹೋದವರು ಹಿಂದಿರುಗಿದ್ದು ಡಿಸೆಂಬರಿನಲ್ಲಿ. ಹಸುಗಳ ಹೊಣೆಯನ್ನು ತಮ್ಮನಿಗೆ ಒಪ್ಪಿಸಿ, ಅವುಗಳ ಮೇವು, ಲಸಿಕೆ, ಜಂತುನಾಶಕ ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಟ್ಟು ಹೋಗಿದ್ದರು. ಗಾಡಿಯನ್ನು ಮಾತ್ರ ಕೊಟ್ಟಿಗೆಯ ಇಳಿಮಾಡಿನಲ್ಲಿ ನಿಲ್ಲಿಸಿ, ಪ್ಲಾಸ್ಟಿಕ್ ಹಾಳೆ ಸುತ್ತಿ ಹಗ್ಗ ಬಿಗಿದಿದ್ದರು. ಬಂದ ಮರುದಿನ ಮುಂಜಾನೆ ಹಾಲಿನ ಕ್ಯಾನ್ ಕಟ್ಟಿ ಕಿಕ್ ಹೊಡೆದರೆ ಗಾಡಿ ಕೆಮ್ಮಲೂ ಇಲ್ಲ. ಬ್ಯಾಟರಿ ಸತ್ತಿತ್ತು. ಪೆಟ್ರೋಲ್ ಹಳೆಯ ವಾರ್ನಿಷಿನಂತೆ ನಾರುತ್ತಿತ್ತು. ಏರ್ ಫಿಲ್ಟರಿನ ಪೆಟ್ಟಿಗೆಯಲ್ಲಿ ಇಲಿ ಗೂಡು ಕಟ್ಟಿತ್ತು. ಎರಡು ಕಿಲೋಮೀಟರ್ ತಳ್ಳಿಕೊಂಡು ಬರುವ ಹೊತ್ತಿಗೆ ಸಂಘದಲ್ಲಿ ಹಾಲು ಅಳೆದು ಮುಗಿದಿತ್ತು. ಆ ಹೊತ್ತಿನ ಹಾಲು ಮನೆಯಲ್ಲಿ ಮೊಸರಾಯಿತು. ರಿಪೇರಿಗೆ ಎರಡು ಬಟವಾಡೆಯ ಹಣ ಹೋಯಿತು. ಹೊರಡುವ ಹಿಂದಿನ ದಿನ ಅರ್ಧ ದಿನ ವ್ಯಯಿಸಿದ್ದರೆ ಇವೆಲ್ಲ ತಪ್ಪುತ್ತಿದ್ದವು.

ಹಸುವನ್ನು ಬತ್ತಿಸುವ ಕ್ರಮ ನಮಗೆಲ್ಲ ಗೊತ್ತು. ಕರು ಹಾಕುವ ಎರಡು ತಿಂಗಳ ಮೊದಲು ಕೆಚ್ಚಲನ್ನು ಪೂರ್ತಿ ಬರಿದು ಮಾಡಿ, ಮೊಲೆಗೆ ಔಷಧಿ ಏರಿಸಿ, ಆಮೇಲೆ ವಿಶ್ರಾಂತಿ ಕೊಡುತ್ತೇವೆ. ಸುಮ್ಮನೆ ಕರೆಯುವುದನ್ನು ಬಿಟ್ಟರೆ ಕೆಚ್ಚಲು ಬಾವು ಬರುತ್ತದೆ. ಗಾಡಿಗೂ ಇದೇ ನ್ಯಾಯ.

ನಿಂತ ಗಾಡಿ ಏಕೆ ಕೆಡುತ್ತದೆ?

ಪೆಟ್ರೋಲಿನಲ್ಲಿರುವ ಹಗುರ ಅಂಶಗಳು ಕ್ರಮೇಣ ಹಾರಿಹೋಗುತ್ತವೆ. ಉಳಿದದ್ದು ಅಂಟಾಗಿ ಕಾರ್ಬುರೇಟರಿನ ಸೂಜಿಮೊನೆಯಂಥ ರಂಧ್ರಗಳನ್ನು ಮುಚ್ಚುತ್ತದೆ. ಈಗಿನ ಪೆಟ್ರೋಲಿನಲ್ಲಿ ಇನ್ನೊಂದು ವಿಷಯವಿದೆ. ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತು. ಕಬ್ಬು ಮತ್ತು ಧಾನ್ಯಗಳಿಂದ ಮಾಡುವ ಈ ಎಥನಾಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ನೀರು ಮಿತಿ ಮೀರಿದರೆ ನೀರು ಮತ್ತು ಎಥನಾಲ್ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಎಂಜಿನ್ನಿಗೆ ಇಂಧನ ಹೋಗುವುದು ತಳದಿಂದಲೇ ಆದ್ದರಿಂದ ಮೊದಲು ಸಿಗುವುದು ಆ ನೀರೇ. ಮಳೆಗಾಲದಲ್ಲಿ ನಿಲ್ಲುವ ಗಾಡಿಗೆ ಈ ಅಪಾಯ ಹೆಚ್ಚು.

ಬ್ಯಾಟರಿ ಉಪಯೋಗಿಸದಿದ್ದರೂ ತಾನಾಗಿಯೇ ಇಳಿಯುತ್ತದೆ. ಇಳಿದ ಸ್ಥಿತಿಯಲ್ಲೇ ವಾರಗಟ್ಟಲೆ ಇದ್ದರೆ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಿಡಿಯುವುದಿಲ್ಲ. ಎಂಜಿನ್ನಿನ ಹಳೆಯ ಆಯಿಲ್‌ನಲ್ಲಿ ತೇವಾಂಶ ಮತ್ತು ಆಮ್ಲದ ಅಂಶ ಸೇರಿರುತ್ತದೆ. ಅದು ಒಳಗಿನ ಲೋಹವನ್ನು ತಿನ್ನುತ್ತದೆ.

ದಿನಾ ಒಂದು ಕಿಕ್ ಹೊಡೆದರೆ ಸಾಲದೆ?

"ಹುಡುಗನಿಗೆ ಹೇಳಿದ್ದೇನೆ, ದಿನಾ ಎರಡು ನಿಮಿಷ ಸ್ಟಾರ್ಟ್ ಮಾಡಿ ಇಡುತ್ತಾನೆ" ಎಂದು ಹಲವರು ಹೇಳುತ್ತಾರೆ. ಇದರಿಂದ ಒಳ್ಳೆಯದಕ್ಕಿಂತ ಕೆಟ್ಟದ್ದೇ ಹೆಚ್ಚು. ಪೆಟ್ರೋಲ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ನಿಲ್ಲಿಸಿದರೆ ಆ ಆವಿ ಸೈಲೆನ್ಸರಿನಲ್ಲಿಯೂ ಆಯಿಲ್‌ನಲ್ಲಿಯೂ ನೀರಾಗಿ ಉಳಿಯುತ್ತದೆ. ಸೆಲ್ಫ್ ಬಟನ್ ಒತ್ತಿದಾಗ ಬ್ಯಾಟರಿಯಿಂದ ಹೋದ ಶಕ್ತಿಯೂ ಎರಡು ನಿಮಿಷದಲ್ಲಿ ಮರಳಿ ಬರುವುದಿಲ್ಲ.

ನಂಬಿಕಸ್ಥರೊಬ್ಬರು ವಾರಕ್ಕೊಮ್ಮೆ ಎಂಟು ಹತ್ತು ಕಿಲೋಮೀಟರ್ ಓಡಿಸುವುದಾದರೆ ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಆದರೆ ಅವರಿಗೆ ಲೈಸೆನ್ಸ್ ಇರಲೇಬೇಕು. ಶಾಲೆಗೆ ಹೋಗುವ ಹುಡುಗರ ಕೈಗೆ ಕೀಲಿ ಕೊಡಬಾರದು. 2019ರ ತಿದ್ದುಪಡಿಯ ನಂತರ ಅಪ್ರಾಪ್ತ ವಯಸ್ಕರು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರು ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಸಜೆ ಮತ್ತು 25,000 ರೂ. ದಂಡ ವಿಧಿಸಲು ಅವಕಾಶವಿದೆ. ಓಡಿಸುವವರು ಇಲ್ಲವಾದರೆ ಗಾಡಿಯನ್ನು ಮುಟ್ಟದೆ, ಕ್ರಮವಾಗಿ ಸಿದ್ಧಪಡಿಸಿ ನಿಲ್ಲಿಸುವುದೇ ಲೇಸು.

ಎಲ್ಲಿ ನಿಲ್ಲಿಸಬೇಕು?

ಕೊಟ್ಟಿಗೆಯಲ್ಲಿ ಬೇಡ. ಗಂಜಲದಿಂದ ಏಳುವ ಅಮೋನಿಯಾ ವೈರುಗಳ ತುದಿಯ ತಾಮ್ರ, ಹಿತ್ತಾಳೆಯನ್ನು ಹಸಿರುಗಟ್ಟಿಸುತ್ತದೆ. ಯೂರಿಯಾ, ಪೊಟ್ಯಾಷ್ ಚೀಲಗಳ ಪಕ್ಕವೂ ಬೇಡ; ರಸಗೊಬ್ಬರ ತೇವ ಹೀರಿ ಕಬ್ಬಿಣಕ್ಕೆ ತುಕ್ಕು ತರುತ್ತದೆ. ಪಶು ಆಹಾರದ ಚೀಲ ಇರುವಲ್ಲಿ ಇಲಿ ತಪ್ಪದು. ಹುಲ್ಲಿನ ಬಣವೆಯ ಬಳಿಯಾಗಲಿ, ಅಡುಗೆ ಒಲೆ ಇರುವ ಕೋಣೆಯಲ್ಲಾಗಲಿ ಪೆಟ್ರೋಲ್ ಇರುವ ಗಾಡಿ ಇಡುವುದು ಬೆಂಕಿಯನ್ನು ಕರೆದಂತೆ. ಗಾಳಿಯಾಡುವ, ಸೋರದ, ಬಿಸಿಲು ನೇರವಾಗಿ ಬೀಳದ, ಗಟ್ಟಿ ನೆಲದ ಜಾಗ ಉತ್ತಮ.

ಕ್ರಮವಾಗಿ ಮಾಡಬೇಕಾದ ಕೆಲಸಗಳು

1. ತೊಳೆಯುವುದು: ಕ್ಯಾನಿನಿಂದ ತುಳುಕಿದ ಹಾಲು ಹುಳಿತು ಕ್ಯಾರಿಯರ್, ಮಡ್‌ಗಾರ್ಡ್ ಸಂದುಗಳಲ್ಲಿ ಕುಳಿತಿರುತ್ತದೆ. ಅದರ ಆಮ್ಲ ಮತ್ತು ಲವಣ ತುಕ್ಕಿಗೆ ಮೂಲ. ವಾಸನೆಗೆ ಇರುವೆ, ಇಲಿ ಬರುತ್ತವೆ. ಸಾಬೂನಿನ ನೀರಿನಿಂದ ಚೆನ್ನಾಗಿ ತೊಳೆಯಿರಿ. ಕ್ಯಾನಿನ ಕೊಕ್ಕೆ ಉಜ್ಜಿ ಬಣ್ಣ ಹೋದ ಕಡೆ ತೆಳುವಾಗಿ ಎಣ್ಣೆ ಅಥವಾ ಗ್ರೀಸ್ ಸವರಿ. ತೊಳೆದ ನಂತರ ಹತ್ತು ಕಿಲೋಮೀಟರ್ ಓಡಿಸಿದರೆ ಮೂಲೆಮೂಲೆಯ ನೀರು ಆರುತ್ತದೆ, ಎಂಜಿನ್ನೂ ಬಿಸಿಯಾಗುತ್ತದೆ.

2. ಎಂಜಿನ್ ಆಯಿಲ್: ಎಂಜಿನ್ ಬಿಸಿಯಿರುವಾಗಲೇ ಹಳೆಯ ಆಯಿಲ್ ಇಳಿಸಿ ಹೊಸದನ್ನು ಹಾಕಿ, ಎರಡು ಮೂರು ನಿಮಿಷ ಚಾಲೂ ಇಟ್ಟು ಎಲ್ಲ ಭಾಗಗಳಿಗೂ ಹರಡುವಂತೆ ಮಾಡಿ. "ಬಂದ ಮೇಲೆ ಬದಲಿಸಿದರಾಯಿತು" ಎನ್ನುವುದು ತಪ್ಪು ಲೆಕ್ಕ. ಕೆಡಿಸುವುದು ನಿಂತಾಗಿನ ಹಳೆಯ ಆಯಿಲ್.

3. ಪೆಟ್ರೋಲ್: ಟ್ಯಾಂಕ್ ತುಂಬಬೇಕೆ, ಬರಿದು ಮಾಡಬೇಕೆ ಎಂಬುದು ಎಲ್ಲರ ಪ್ರಶ್ನೆ. ಅರ್ಧ ಟ್ಯಾಂಕ್ ಮಾತ್ರ ಬೇಡ. ಖಾಲಿ ಭಾಗದ ಗಾಳಿಯಲ್ಲಿನ ತೇವ ರಾತ್ರಿಯ ತಂಪಿಗೆ ಹನಿಯಾಗಿ ಟ್ಯಾಂಕಿನ ಒಳಗೆ ತುಕ್ಕು ಹಿಡಿಸುತ್ತದೆ.

ಮೂರು ತಿಂಗಳೊಳಗೆ ಬರುವುದಾದರೆ, ಹಿಗ್ಗಲು ಸ್ವಲ್ಪ ಜಾಗ ಬಿಟ್ಟು ಹೊಸ ಪೆಟ್ರೋಲ್ ತುಂಬಿಸಿ. ಕಾರ್ಬುರೇಟರ್ ಇರುವ ಗಾಡಿಯಲ್ಲಿ ಪೆಟ್ರೋಲ್ ಕಾಕ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಆಮೇಲೆ ಕಾರ್ಬುರೇಟರಿನ ತಳದ ಡ್ರೈನ್ ಸ್ಕ್ರೂ ಸಡಿಲಿಸಿ ಉಳಿದದ್ದನ್ನೂ ಇಳಿಸಿ. ಕೆಚ್ಚಲಿನಲ್ಲಿ ಹಾಲು ಉಳಿಸದಂತೆ ಇಲ್ಲಿಯೂ ಉಳಿಸಬಾರದು. ಎಣ್ಣೆ ಬೆರೆಸಿದ ಪೆಟ್ರೋಲ್ ಹಾಕುವ ಹಳೆಯ ಮೊಪೆಡ್, ರಾಜದೂತ್ ಅಥವಾ 1996ರವರೆಗೆ ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಇರುವವರು ಇದನ್ನು ತಪ್ಪಿಸಲೇಬಾರದು. ಪೆಟ್ರೋಲ್ ಹಾರಿ ಎಣ್ಣೆ ಮಾತ್ರ ಕಾರ್ಬುರೇಟರಿನಲ್ಲಿ ಉಳಿಯುತ್ತದೆ.

ಮೂರು ತಿಂಗಳಿಗಿಂತ ಹೆಚ್ಚಾದರೆ, ಕಾರ್ಬುರೇಟರ್ ಗಾಡಿಯ ಟ್ಯಾಂಕನ್ನೂ ಬರಿದು ಮಾಡಿ, ಸ್ವಲ್ಪ ಹೊಸ ಎಂಜಿನ್ ಆಯಿಲ್ ಹಾಕಿ ಒಳಗೋಡೆಗೆ ಹತ್ತುವಂತೆ ಅಲುಗಾಡಿಸಿ. ಬಂದ ಮೇಲೆ ಪೆಟ್ರೋಲಿನಿಂದ ತೊಳೆದು ತೆಗೆಯಬೇಕು.

2020ರ ಏಪ್ರಿಲ್‌ನಲ್ಲಿ ಬಿ.ಎಸ್.-6 ನಿಯಮ ಜಾರಿಯಾದ ನಂತರದ ಹೆಚ್ಚಿನ ಗಾಡಿಗಳಲ್ಲಿ ಕಾರ್ಬುರೇಟರ್ ಇಲ್ಲ. ಪೆಟ್ರೋಲನ್ನು ಪಂಪು ಒತ್ತಡದಿಂದ ಚಿಮ್ಮಿಸುತ್ತದೆ. ಇವುಗಳಲ್ಲಿ ಪಂಪು ಸಾಮಾನ್ಯವಾಗಿ ಟ್ಯಾಂಕಿನೊಳಗೇ ಇರುವುದರಿಂದ ನೀವೇ ಬಿಚ್ಚಲು ಹೋಗಬೇಡಿ. ಟ್ಯಾಂಕ್ ತುಂಬಿಸಿ, ಅಂಗಡಿಯಲ್ಲಿ ಸಿಗುವ ಪೆಟ್ರೋಲ್ ಸ್ಟೆಬಿಲೈಸರನ್ನು ಡಬ್ಬಿಯ ಮೇಲಿನ ಪ್ರಮಾಣದಂತೆ ಬೆರೆಸಿ, ಹತ್ತು ನಿಮಿಷ ಓಡಿಸಿ ನಿಲ್ಲಿಸಿ. ಗಾಡಿಯ ಕೈಪಿಡಿಯಲ್ಲಿ ಬೇರೆ ರೀತಿ ಹೇಳಿದ್ದರೆ ಅದನ್ನೇ ಅನುಸರಿಸಿ.

ವಿಶೇಷ ಎಚ್ಚರಿಕೆ: ಪೆಟ್ರೋಲ್ ಇಳಿಸುವ ಕೆಲಸ ಬಯಲಿನಲ್ಲಿ, ಹಗಲಿನಲ್ಲಿ ಆಗಬೇಕು. ಬೀಡಿ, ದೀಪ ಹತ್ತಿರ ಇರಬಾರದು. ಇಳಿಸಿದ ಪೆಟ್ರೋಲನ್ನು ಯಾವ ಕಾರಣಕ್ಕೂ ಹಾಲಿನ ಕ್ಯಾನಿಗೆ ಹಾಕಬೇಡಿ. ಹಾಲು ವಾಸನೆಯನ್ನು ಬೇಗ ಹಿಡಿಯುತ್ತದೆ. ಒಬ್ಬರ ಕ್ಯಾನಿನ ಪೆಟ್ರೋಲ್ ವಾಸನೆ ಸಂಘದ ಇಡೀ ಹಾಲನ್ನು ಕೆಡಿಸೀತು. ಗಾಡಿ ಕೆಲಸದ ನಂತರ ಕೈ ಚೆನ್ನಾಗಿ ತೊಳೆಯದೆ ಹಾಲು ಕರೆಯಲು ಕೂರಬಾರದು.

4. ಸಿಲಿಂಡರಿಗೆ ಎಣ್ಣೆ (ಮೂರು ತಿಂಗಳಿಗಿಂತ ಹೆಚ್ಚಾದರೆ): ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ರಂಧ್ರದಿಂದ ಒಂದು ಚಿಕ್ಕ ಚಮಚ, ಎಂದರೆ ಸುಮಾರು 5 ಮಿ.ಲೀ. ಹೊಸ ಎಂಜಿನ್ ಆಯಿಲ್ ಬಿಡಿ. ಕೀಲಿ ಆಫ್ ಇರಲಿ. ರಂಧ್ರದ ಮೇಲೆ ಬಟ್ಟೆ ಮುಚ್ಚಿ ಐದಾರು ಸಲ ನಿಧಾನವಾಗಿ ಕಿಕ್ ತುಳಿದರೆ ಎಣ್ಣೆ ಸಿಲಿಂಡರಿನ ಗೋಡೆಗೆ ಹರಡುತ್ತದೆ. ಆಮೇಲೆ ಪ್ಲಗ್ ಹಾಕಿ. ಕಿಕ್ ಇಲ್ಲದ ಗಾಡಿಗೆ ಈ ಕೆಲಸವನ್ನು ಮೆಕ್ಯಾನಿಕ್ ಮಾಡಲಿ.

5. ಬ್ಯಾಟರಿ: ಗಾಡಿಯಿಂದ ಬಿಚ್ಚಿಡುವುದು ಉತ್ತಮ. ಮೊದಲು ಮೈನಸ್, ಆಮೇಲೆ ಪ್ಲಸ್ ಬಿಚ್ಚಬೇಕು. ಹಾಕುವಾಗ ಮೊದಲು ಪ್ಲಸ್. ನೀರು ಹಾಕುವ ಬ್ಯಾಟರಿಯಾದರೆ ಎರಡು ಗೆರೆಗಳ ನಡುವೆ ಮಟ್ಟ ಇರುವಂತೆ ಡಿಸ್ಟಿಲ್ಡ್ ವಾಟರ್ ಹಾಕಿ, ಬಾವಿ ನೀರು ಬೇಡ. ಮುಚ್ಚಿದ ಬ್ಯಾಟರಿಯನ್ನು ತೆರೆಯಬಾರದು. ಪೂರ್ತಿ ಚಾರ್ಜಾದ 12 ವೋಲ್ಟ್ ಬ್ಯಾಟರಿ ಮೀಟರಿನಲ್ಲಿ 12.6ರಿಂದ 12.8 ವೋಲ್ಟ್ ತೋರಿಸುತ್ತದೆ. 12.4ಕ್ಕಿಂತ ಇಳಿದರೆ ಚಾರ್ಜ್ ಮಾಡಿಸಬೇಕು. ಪೇಟೆಯ ಬ್ಯಾಟರಿ ಅಂಗಡಿಗೆ ತಿಂಗಳಿಗೊಮ್ಮೆ ಕಳುಹಿಸುವಂತೆ ಮನೆಯವರಿಗೆ ಹೇಳಿ ಹೋಗಿ. 5 ಆಂಪಿಯರ್-ಅವರ್ ಬ್ಯಾಟರಿಗೆ ಅರ್ಧ ಆಂಪಿಯರ್‌ನಷ್ಟು ನಿಧಾನ ಚಾರ್ಜ್ ಸಾಕು. ಟ್ರ್ಯಾಕ್ಟರ್ ಬ್ಯಾಟರಿಗೆ ಹಾಕುವ ವೇಗಕ್ಕೆ ಹಾಕಿದರೆ ಇದು ಸುಟ್ಟುಹೋಗುತ್ತದೆ. ಚಾರ್ಜ್ ಆಗುವಾಗ ಹೊತ್ತಿಕೊಳ್ಳುವ ಅನಿಲ ಹೊರಡುವುದರಿಂದ ಬೆಂಕಿ ಸೋಕಿಸಬಾರದು.

6. ಟೈರು, ಚೈನು: ಎರಡೂ ಟೈರುಗಳಿಗೆ ಸರಿಯಾದ ಗಾಳಿ ತುಂಬಿಸಿ. ನಡುಸ್ಟ್ಯಾಂಡ್ ಹಾಕಿ, ಎಂಜಿನ್ನಿನ ಕೆಳಗೆ ಮರದ ತುಂಡು ಆನಿಸಿ ಎರಡೂ ಚಕ್ರ ನೆಲ ಬಿಡುವಂತೆ ಮಾಡಿದರೆ ಟೈರು ಒಂದೇ ಕಡೆ ಚಪ್ಪಟೆಯಾಗುವುದಿಲ್ಲ. ಗಾಡಿ ವಾಲದಂತೆ ಭದ್ರವಾಗಿರಲಿ, ಮಕ್ಕಳು ಹತ್ತದಿರಲಿ. ಚೈನನ್ನು ಒರೆಸಿ ಎಣ್ಣೆ ಹಾಕಿ. ಬ್ರೇಕಿನ ಡಿಸ್ಕ್ ಮತ್ತು ಡ್ರಮ್ಮಿಗೆ ಒಂದು ಹನಿಯೂ ತಗಲಬಾರದು.

7. ಹೊದಿಕೆ: ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಸೈಲೆನ್ಸರಿನ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ; ಇಲ್ಲವಾದರೆ ಮಣ್ಣಿನ ಗೂಡು ಕಟ್ಟುವ ಕಣಜಗಳಿಗೆ ಅದು ಸಿದ್ಧ ಮನೆ. ಮರೆಯದಂತೆ ಒಂದು ಕೆಂಪು ಬಟ್ಟೆಯ ಚೂರನ್ನು ಹ್ಯಾಂಡಲ್ಲಿಗೆ ಕಟ್ಟಿರಿ. ಗಾಡಿಗೆ ಹಳೆಯ ಹತ್ತಿಯ ಬಟ್ಟೆ ಹೊದಿಸಿ. ಪ್ಲಾಸ್ಟಿಕ್ ಹಾಳೆ ಬಿಗಿದರೆ ನೆಲದ ತೇವ ಒಳಗೇ ಬೆವರಾಗಿ ನಿಲ್ಲುತ್ತದೆ.

ಕಾಗದ ಪತ್ರ

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ರಸ್ತೆಗಿಳಿಯುವ ಗಾಡಿಗೆ ಮೂರನೆಯವರ ವಿಮೆ ಕಡ್ಡಾಯ. ವಿಮೆಯಿಲ್ಲದೆ ಮೊದಲ ಸಲ ಸಿಕ್ಕಿದರೆ 2,000 ರೂ. ದಂಡ ಅಥವಾ 3 ತಿಂಗಳವರೆಗೆ ಸಜೆ, ಇಲ್ಲವೆ ಎರಡೂ ಆಗಬಹುದು. ನೀವು ಊರಲ್ಲಿಲ್ಲದಾಗ ಅವಧಿ ಮುಗಿಯುವುದಾದರೆ ಹೊರಡುವ ಮೊದಲೇ ನವೀಕರಿಸಿ. ಕಳವು, ಬೆಂಕಿಗೆ ಪರಿಹಾರ ಕೊಡುವ ಪಾಲಿಸಿ ಇದ್ದು, ಮುಗಿದ 90 ದಿನದೊಳಗೆ ನವೀಕರಿಸದಿದ್ದರೆ ಕ್ಲೇಮ್ ಮಾಡದವರಿಗೆ ಸಿಗುವ ರಿಯಾಯಿತಿ ಕೈತಪ್ಪುತ್ತದೆ. ಹ್ಯಾಂಡಲ್ ಲಾಕ್ ಮಾಡಿ, ಕೀಲಿ ಒಬ್ಬರ ಬಳಿ ಮಾತ್ರ ಇರಲಿ.

ಹಿಂದಿರುಗಿದ ಮೇಲೆ

ಹಾಲು ಹಾಕುವ ಮುಂಜಾನೆಯೇ ಗಾಡಿ ಮುಟ್ಟಬೇಡಿ. ಒಂದು ದಿನ ಮುಂಚೆ ಹಗಲು ಬೆಳಕಿನಲ್ಲಿ ಈ ಕೆಲಸ ಇಟ್ಟುಕೊಳ್ಳಿ. ಹೊದಿಕೆ ತೆಗೆಯುವ ಮೊದಲು ಕೋಲಿನಿಂದ ತಟ್ಟಿರಿ. ಇಲಿ ಇದ್ದಲ್ಲಿಗೆ ಹಾವೂ ಬಂದಿರುತ್ತದೆ. ಸೈಲೆನ್ಸರಿನ ಪ್ಲಾಸ್ಟಿಕ್ ತೆಗೆಯಿರಿ. ಏರ್ ಫಿಲ್ಟರ್ ಪೆಟ್ಟಿಗೆ ಮತ್ತು ಸೀಟಿನಡಿಯ ವೈರುಗಳನ್ನು ನೋಡಿರಿ. ಚಾರ್ಜಾದ ಬ್ಯಾಟರಿ, ಹೊಸ ಪೆಟ್ರೋಲ್, ಟೈರಿಗೆ ಗಾಳಿ, ಆಯಿಲ್ ಮಟ್ಟ, ಎರಡೂ ಬ್ರೇಕು ಸರಿಯಿವೆಯೇ ಪರೀಕ್ಷಿಸಿ. ಕೀಲಿ ಆಫ್ ಇಟ್ಟು ಹತ್ತು ಸಲ ನಿಧಾನವಾಗಿ ಕಿಕ್ ತುಳಿದ ಮೇಲೆ ಸ್ಟಾರ್ಟ್ ಮಾಡಿ. ಸಿಲಿಂಡರಿಗೆ ಎಣ್ಣೆ ಬಿಟ್ಟಿದ್ದರೆ ಸ್ವಲ್ಪ ಹೊತ್ತು ಹೊಗೆ ಬರುವುದು ಸಹಜ, ಗಾಬರಿ ಬೇಡ. ಮೊದಲ ನಾಲ್ಕೈದು ಕಿಲೋಮೀಟರ್ ಕ್ಯಾನ್ ಇಲ್ಲದೆ ನಿಧಾನವಾಗಿ ಓಡಿಸಿ, ಬ್ರೇಕು ಹಿಡಿಯುವುದನ್ನು ಖಚಿತಪಡಿಸಿಕೊಳ್ಳಿ. ಹೊಗೆ ತಪಾಸಣೆ ಪತ್ರದ ಅವಧಿಯನ್ನೂ ನೋಡಿ.

ಮಗಳ ಬಾಣಂತನಕ್ಕೋ, ಆಸ್ಪತ್ರೆಗೋ, ಕಾಫಿ ಕೊಯ್ಲಿಗೋ, ದೂರದೂರಿನ ದುಡಿಮೆಗೋ ಹೊರಡುವವರು ಹಸುವಿನ ಚೀಟಿಯ ಜೊತೆಗೆ ಗಾಡಿಯದೂ ಒಂದು ಚೀಟಿ ಬರೆದು ಗೋಡೆಗೆ ಅಂಟಿಸಿರಿ: ಆಯಿಲ್ ಬದಲಿಸಿದ ದಿನ, ಪೆಟ್ರೋಲ್ ತುಂಬಿದೆಯೋ ಬರಿದಾಗಿದೆಯೋ, ಬ್ಯಾಟರಿ ಎಲ್ಲಿದೆ, ಮುಂದಿನ ಚಾರ್ಜ್ ಯಾವಾಗ, ವಿಮೆ ಮುಗಿಯುವ ದಿನ. ಬೆಂಕಿ ಬಿದ್ದಾಗ ಬಾವಿ ತೋಡುವುದು ಬೇಡ. ನೀವು ಮರಳಿ ಬಂದ ಮೊದಲ ಮುಂಜಾನೆಯೇ ನಿಮ್ಮ ಹಾಲು ವೇಳೆಗೆ ಸರಿಯಾಗಿ ಸಂಘದ ತಕ್ಕಡಿಗೆ ಬರಲಿ.