ಬಾವಿಯಲ್ಲಿ ಗ್ಯಾಸ್ ಇದ್ದರೆ ಸಾಲದು, ದಾರಿಯೂ ಬೇಕು

ಕೊಳತ್ತೂರು: ಮೇಟೂರು ಜಲಾಶಯದ ಅಂಚಿನ ಈ ಊರಿನವರಿಗೆ ‘ದಾರಿ ಬಿಡಿ’ ಎಂಬ ಮಾತು ಹೊಸದೇನಲ್ಲ. 1934ರಲ್ಲಿ ಅಣೆಕಟ್ಟು ಮುಗಿದಾಗ ಸುತ್ತಲ ಹಳ್ಳಿಗಳು ನೀರುಪಾಲಾದವು. ಇಂದಿಗೂ ನೀರು ತಗ್ಗಿದಾಗ ಪಣ್ಣವಾಡಿ ಬಳಿ ಹಳೇ ದೇವಸ್ಥಾನದ ನಂದಿ, ಚರ್ಚಿನ ಗೋಪುರ ತಲೆ ಎತ್ತುತ್ತವೆ.

ಇಲ್ಲಿಂದ ಬಿಟ್ಟ ನೀರು ಹೋಗೋದು ತಂಜಾವೂರು, ತಿರುವಾರೂರು ಕಡೆಯ ಗದ್ದೆಗಳಿಗೆ. ಕಾವೇರಿ ಬಯಲಿನ ಆ ಭೂಮಿಯ ಆಳದಲ್ಲಿ ನೈಸರ್ಗಿಕ ಅನಿಲವಿದೆ. ಆದರೆ ಬಾವಿ ತೋಡಿದ ಮಾತ್ರಕ್ಕೆ ದುಡ್ಡು ಬಾರದು. ಭತ್ತದ ಹಾಗೆ ಮೂಟೆ ಕಟ್ಟಿ ಸಂತೆಗೆ ಒಯ್ಯೋಕಾಗುತ್ತಾ?

ಕೊಳ್ಳುವವರೇ ಬಾವಿ ಹತ್ತಿರ

ಬಾವಿಯಿಂದ ಅನಿಲದ ಜತೆ ನೀರು, ಎಣ್ಣೆಯ ಅಂಶವೂ ಬರುತ್ತೆ. ಹತ್ತಾರು ಬಾವಿಗಳ ಅನಿಲವನ್ನು ಸಣ್ಣ ಪೈಪುಗಳಲ್ಲಿ ಒಂದು ಕೇಂದ್ರಕ್ಕೆ ತಂದು, ನೀರು ಬೇರ್ಪಡಿಸಿ, ಅಳತೆ ಹಾಕಿ ಮುಂದಕ್ಕೆ ಕಳಿಸಬೇಕು. ಬಾವಿ ಹಳತಾದಂತೆ ಒತ್ತಡ ಇಳಿಯುತ್ತೆ. ಆಗ ಕಂಪ್ರೆಸರ್ ಖರ್ಚು ಬೇರೆ. ಸಣ್ಣ ಬಾವಿಗೆ ನೂರಾರು ಕಿಲೋಮೀಟರ್ ಪೈಪ್ ಹಾಕಿದರೆ ಅಸಲೂ ಗಿಟ್ಟದು. ಅದಕ್ಕೇ ಕೊಳ್ಳುವವರನ್ನೇ ಬಾವಿ ಹತ್ತಿರ ತಂದರು. ಕುತ್ತಾಲಂನ 101 ಮೆಗಾವ್ಯಾಟ್, ತಿರುಮಕ್ಕೋಟೈನ 108 ಮೆಗಾವ್ಯಾಟ್ ವಿದ್ಯುತ್ ಘಟಕಗಳು ಹೀಗೆ ಹುಟ್ಟಿದವು.

2015ರಲ್ಲಿ ಕೇಂದ್ರ ಸರ್ಕಾರ ಸಣ್ಣ ನಿಕ್ಷೇಪಗಳನ್ನು ಹರಾಜಿಗಿಡುವ ನೀತಿ ತಂದಿತು. ಯಾರಿಗೆ, ಯಾವ ದರಕ್ಕೆ ಮಾರಬೇಕೆಂಬುದು ಗುತ್ತಿಗೆದಾರನಿಗೇ ಬಿಟ್ಟದ್ದು. ಪುದುಕ್ಕೋಟೈ ಜಿಲ್ಲೆಯ ನೆಡುವಾಸಲ್ ನಿಕ್ಷೇಪ 2017ರಲ್ಲಿ ಸಿಕ್ಕಿದ್ದು ಕರ್ನಾಟಕದ ಕಂಪನಿಗೆ. ಸುದ್ದಿ ಬಂದದ್ದೇ ತಡ, ಊರಿಗೆ ಊರೇ ಧರಣಿ ಕೂತಿತು. ಅಂತರ್ಜಲ ಹೋದರೆ ಬೇಸಾಯ ಹೋಯ್ತು ಎಂಬುದೇ ಅವರ ಭಯ. 2020ರಲ್ಲಿ ತಮಿಳುನಾಡು ಸರ್ಕಾರ ಕಾವೇರಿ ಬಯಲನ್ನು ಸಂರಕ್ಷಿತ ಕೃಷಿ ವಲಯವೆಂದು ಕಾನೂನು ಮಾಡಿ ಹೊಸ ಬಾವಿಗಳಿಗೆ ತಡೆ ಹಾಕಿತು.

ಸೇಲಂ, ಧರ್ಮಪುರಿಗೆ ಬಂದ ಪೈಪು

ಇದು ಕೆಳಗಿನವರ ಕಥೆ ಎಂದು ಸುಮ್ಮನಿರುವಂತಿಲ್ಲ. ಕೊಚ್ಚಿಯಲ್ಲಿ ಹಡಗಿನಿಂದ ಇಳಿಯುವ ಅನಿಲವನ್ನು ಬೆಂಗಳೂರಿಗೆ ಒಯ್ಯಲು ಗೇಲ್ ಸಂಸ್ಥೆ ಹಾಕಿದ ನಕ್ಷೆ ಸೇಲಂ, ಧರ್ಮಪುರಿ ಸೇರಿ ತಮಿಳುನಾಡಿನ ಏಳು ಜಿಲ್ಲೆಗಳನ್ನು ಹಾಯುತ್ತೆ. ಹೊಲ ಬಿಟ್ಟು ಹೆದ್ದಾರಿ ಬದಿಯಲ್ಲಿ ಹಾಕಿ ಎಂದು ರೈತರು ಪಟ್ಟು ಹಿಡಿದರು. 2013ರಲ್ಲಿ ರಾಜ್ಯ ಸರ್ಕಾರವೂ ಅದನ್ನೇ ಹೇಳಿತು. ಆ ಆದೇಶವನ್ನು ಮದ್ರಾಸ್ ಹೈಕೋರ್ಟ್ ಅದೇ ವರ್ಷ ರದ್ದು ಮಾಡಿತು. 2016ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟ್ ತೀರ್ಪನ್ನೇ ಎತ್ತಿಹಿಡಿಯಿತು. ಕೊಚ್ಚಿ-ಮಂಗಳೂರು ಮಾರ್ಗ ಮಾತ್ರ 2021ರ ಜನವರಿಯಲ್ಲಿ ಉದ್ಘಾಟನೆಯಾಯಿತು.

ಜಮೀನು ನಿಮ್ಮದೇ, ಆದರೆ...

ಇಂಥ ಪೈಪುಗಳಿಗೆ ಅನ್ವಯಿಸುವುದು 1962ರ ಕಾಯ್ದೆ. ಜಮೀನಿನ ಒಡೆತನ ರೈತನದೇ. ಆದರೆ ಪೈಪ್ ಹಾದ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. 20 ಮೀಟರ್ ಅಗಲದ ಪಟ್ಟಿ ಹೊಲದಲ್ಲಿ 100 ಮೀಟರ್ ಹಾದರೆ ಹೆಚ್ಚುಕಮ್ಮಿ ಅರ್ಧ ಎಕರೆ. ರಾಗಿ ಬೆಳೆಯೋರು ಹೇಗೋ ಸುಧಾರಿಸಿಕೊಂಡಾರು. ತೆಂಗು, ಮಾವು ನಂಬಿದೋರ ಗತಿ? ಪಟ್ಟಿಯ ಹಕ್ಕಿಗೆ ಕಾಯ್ದೆ ಹೇಳುವ ಪರಿಹಾರ ಮಾರುಕಟ್ಟೆ ಬೆಲೆಯ ನೂರಕ್ಕೆ 10. ಬೆಳೆ, ಮರದ ನಷ್ಟಕ್ಕೆ ಬೇರೆ ಲೆಕ್ಕ.

ಅಧಿಸೂಚನೆ ಹೊರಟ 21 ದಿನದೊಳಗೆ ಆಕ್ಷೇಪಣೆ ಲಿಖಿತವಾಗಿ ಕೊಡಬೇಕು. ಖುದ್ದಾಗಿಯೋ ವಕೀಲರ ಮೂಲಕವೋ ಅಹವಾಲು ಹೇಳಿಕೊಳ್ಳಲು ಅವಕಾಶವಿದೆ. ಪರಿಹಾರ ಸಾಲದೆನಿಸಿದರೆ ಜಿಲ್ಲಾ ನ್ಯಾಯಾಧೀಶರ ಬಳಿ ಹೋಗಬಹುದು. ಮನೆಯಲ್ಲಿ ಕನ್ನಡವೇ ಓದಿದ ಹಿರಿಯರಿದ್ದರೆ, ತಮಿಳಿನಲ್ಲಿ ಬಂದ ನೋಟಿಸನ್ನು ಅಟ್ಟಕ್ಕೆ ಹಾಕದೆ ಮಕ್ಕಳ ಕೈಲಿ ಅವತ್ತೇ ಓದಿಸುವುದು ಒಳ್ಳೇದು. 21 ದಿನ ಕಳೆಯಲು ಬಹಳ ಹೊತ್ತು ಬೇಕಿಲ್ಲ.